ವಾಕಿಟಾಕಿಯಲ್ಲಿ ಬಂದ ದನಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಸುಳ್ಳು ಹೇಳುತ್ತಿದ್ದಾರೆ ಎನ್ನದಿದ್ದರೂ, ಏನನ್ನೋ ತಪ್ಪಾಗಿ ಕೇಳಿಸಿಕೊಂಡಿದ್ದಾರೆ ಅಂದುಕೊಳ್ಳುತ್ತಿದ್ದೆ. ನೀವೂ ನನ್ನ ಬಗ್ಗೆ ಹಾಗೆಯೇ ಅಂದುಕೊಂಡರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ, ಹಿರಿಯೂರಿನ ಹೊರವಲಯದ ಅಡುಗೆ ಎಣ್ಣೆ ಕಾರ್ಖಾನೆಯೊಂದರಲ್ಲಿ ಹೊಸ ಯಂತ್ರಗಳ ಸಾಲನ್ನು ಚಾಲೂ ಮಾಡಿಕೊಡುವ ಹೊಣೆ ನನ್ನದಾಗಿತ್ತು. ಬಾಟಲಿಗೆ ಎಣ್ಣೆ ತುಂಬಿ, ಮುಚ್ಚಳ ಬಿಗಿದು, ರಟ್ಟಿನ ಪೆಟ್ಟಿಗೆಗೆ ಇಳಿಸುವುದೆಲ್ಲ ತಾನಾಗಿಯೇ ನಡೆಯಬೇಕು. ಕೊನೆಯಲ್ಲಿ ಒಂದು ರೋಬೋಟ್ ತೋಳು ಪೆಟ್ಟಿಗೆಗಳನ್ನು ಎತ್ತಿ ಪೇರಿಸಬೇಕು. ಎಲ್ಲೂ ಎಡವಬಾರದೆಂದು ವಾರಗಟ್ಟಲೆ ಕೂತು ಯೋಜನೆ ಮಾಡಿದ್ದೆವು. ಒಂದೊಂದು ಯಂತ್ರವನ್ನೂ ಬಿಡಿಯಾಗಿ ಓಡಿಸಿ ನೋಡಿದ್ದಾಗಿತ್ತು.

ಆ ಮಧ್ಯಾಹ್ನ ಇಡೀ ಸಾಲನ್ನು ಖಾಲಿ ಬಾಟಲಿಗಳೊಂದಿಗೆ ಒಟ್ಟಿಗೆ ಓಡಿಸಬೇಕಿತ್ತು. ಬೆಳಗಿನಿಂದ ಕಾಯಿಸಿದ್ದಕ್ಕೆ ಮಾಲೀಕರ ಮುಖ ಬಿಗಿದಿತ್ತು. ಮಾಡದಕೆರೆ ಕಡೆಯ ಫಿಟ್ಟರ್ ತಿಪ್ಪೇಸ್ವಾಮಿ ತೋಳಿನ ಬುಡದ ಬೋಲ್ಟು ಬಿಗಿಯಲು, ಅದರ ಸುತ್ತ ರಕ್ಷಣೆಗೆಂದು ಹಾಕಿದ್ದ ಜಾಲರಿಯ ಒಳಗೆ ಹೋಗಿದ್ದ. ಸೂಪರ್‌ವೈಸರ್ ನಾಗರಾಜಪ್ಪ ಇಣುಕಿ ನೋಡಿ ಬಂದು ಹೇಳಿದರು: "ಒಳಗೆ ಯಾರೂ ಇಲ್ಲ ಮೇಡಂ. ತಿಪ್ಪೇಸ್ವಾಮಿ ಚಾ ಕುಡಿಯಾಕೆ ಹೋದ್ನಂತೆ. ಬಾಗ್ಲು ಹಾಕಿದೀನಿ, ಶುರು ಮಾಡ್ರಿ."

ಗುಂಡಿಯ ಮೇಲೆ ಬೆರಳಿಟ್ಟೆ. ಸೊಂಟದಲ್ಲಿದ್ದ ವಾಕಿಟಾಕಿ ಗರಗರ ಎಂದಿತು.

"ಮೇಡಂ, ತಡೀರಿ. ನಾನಿನ್ನೂ ಒಳಗೇ ಅದೀನಿ."

ತಿಪ್ಪೇಸ್ವಾಮಿಯದೇ ದನಿ. ಗಾಬರಿಯೇನೂ ಇರಲಿಲ್ಲ. ಪಕ್ಕದಲ್ಲಿದ್ದ ಮಾಲೀಕರಿಗೂ ನಾಗರಾಜಪ್ಪನವರಿಗೂ ಕೇಳಿಸಿತು.

"ಲೇ, ಎಲ್ಲಿದೀಯಪ್ಪ?" ಎಂದು ನಾಗರಾಜಪ್ಪ ಕೂಗಿದರು.

ಬಾಗಿಲು ತೆಗೆದು ಒಳಗೆ ಓಡಿದೆವು. ತೋಳಿನ ಹಿಂದೆ, ಪೆಟ್ಟಿಗೆ ಪೇರಿಸಲು ತಂದಿಟ್ಟ ಮರದ ಹಲಗೆಗಳ ಮರೆಯಲ್ಲಿ ಅವನು ಬೋರಲು ಬಿದ್ದಿದ್ದ. ಅಂಗಿ ಬೆವರಿನಿಂದ ತೊಯ್ದಿತ್ತು, ಹಲ್ಲು ಕಚ್ಚಿಕೊಂಡಿದ್ದವು. ಗುಂಡಿ ಒತ್ತಿದ್ದರೆ ತೋಳು ಮೊದಲು ತಿರುಗುತ್ತಿದ್ದುದೇ ಆ ಕಡೆಗೆ. ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಧಾವಿಸಿದೆವು.

ಸಕ್ಕರೆ ಕಾಯಿಲೆಯವನು ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಬಿದ್ದು ಬಹಳ ಹೊತ್ತಾಗಿದೆ, ಈ ಸ್ಥಿತಿಯಲ್ಲಿ ಮಾತಾಡಿರಲು ಸಾಧ್ಯವೇ ಇಲ್ಲ ಎಂದರು ಆಸ್ಪತ್ರೆಯ ವೈದ್ಯರು.

ಮರಳಿ ಬಂದಾಗ ಅವನ ವಾಕಿಟಾಕಿ ಕಚೇರಿಯ ಕಿಟಕಿಯಲ್ಲಿ ಸಿಕ್ಕಿತು. ಕೆಟ್ಟಿದೆಯೆಂದು ಹಿಂದಿನ ದಿನವೇ ಬ್ಯಾಟರಿ ಬಿಚ್ಚಿಟ್ಟಿದ್ದ. ಉಳಿದ ಸೆಟ್ಟುಗಳಿದ್ದವರನ್ನೆಲ್ಲ ವಿಚಾರಿಸಿದೆ. ಯಾರೂ ಮಾತಾಡಿರಲಿಲ್ಲ.

ಸಾಲು ಮುಂದಿನ ವಾರ ಸರಾಗವಾಗಿ ಓಡಿತು. ಚೇತರಿಸಿಕೊಂಡು ಬಂದ ತಿಪ್ಪೇಸ್ವಾಮಿಯನ್ನು ಪಕ್ಕಕ್ಕೆ ಕರೆದು, ನನಗೆ ತಡೀರಿ ಅಂದದ್ದು ನೆನಪಿದೆಯೇ ಎಂದು ಕೇಳಿದೆ.

"ಇಲ್ರಿ ಮೇಡಂ," ಎಂದ. "ಯಾರೋ ಹೆಸ್ರಿಡಿದು ಕರ್ದಂಗಾತು. ಓ ಅನ್ನಾಕೂ ಬಾಯಿ ಬರ್ಲಿಲ್ಲ."

ಒಮ್ಮೆ ಮಾಲೀಕರ ಮುಂದೆ ಈ ವಿಷಯ ತೆಗೆದೆ. "ಆ ದನಿ ನಾನೂ ಕೇಳಿದೀನಿ ಬಿಡ್ರಿ, ಅದಕ್ಕೇ ಆ ಮಾತು ಬ್ಯಾಡ," ಅಂದುಬಿಟ್ಟರು. ಅಂದು ನಾವು ಮೂವರೂ ಕೇಳಿದ್ದು ಯಾರ ದನಿಯನ್ನು? ನನಗೆ ಇವತ್ತಿಗೂ ಗೊತ್ತಾಗಿಲ್ಲ.