ಪ್ರಶ್ನೆ ಮೇಡಂಗೆ ಬಂದ ಪ್ರಶ್ನೆ

ಡಾಕ್ಟರಿಂದ ಹಿಡಿದು ಆಯಾವರೆಗೂ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಪ್ರಶ್ನೆ ಮೇಡಂ. ಡಾಕ್ಟರು ಬರೆದದ್ದನ್ನು ಓದಿ, ಪ್ರತಿ ಗಾಯಕ್ಕೂ, ಅದು ಆದ ಬಗೆಗೂ ಕೋಡ್ ನಂಬರ್ ಹಾಕುವುದು ಅವಳ ಕೆಲಸ. ‘ಸೈಕಲ್ ಅಪಘಾತ’ ಅಂತ ಗೀಚಿ ಕೈತೊಳೆದುಕೊಂಡರೆ ಬಿಡುವ ಹೆಂಗಸೇ ಅಲ್ಲ. ತುಳಿಯುವ ಸೈಕಲ್ಲೋ ಬ್ಯಾಟರಿ ಸೈಕಲ್ಲೋ? ಓಡಿಸುತ್ತಿದ್ದರೋ, ಹಿಂದೆ ಕೂತಿದ್ದರೋ, ನಡೆದು ಹೋಗುವಾಗ ಗುದ್ದಿಸಿಕೊಂಡರೋ? ಒಂದೊಂದಕ್ಕೂ ಬೇರೆ ನಂಬರು ಕಣ್ರೀ! ಡಾಕ್ಟರು ಊಟಕ್ಕೆ ಕೂತಿದ್ದರೂ ಸರಿ, ಫೋನ್ ಮಾಡಿ ಪ್ರಾಣ ತಿನ್ನೋಳು.

ಅಂಥವಳಿಗೇ ಅವಳ ಮೈದುನ ಬ್ಯಾಟರಿ ಸೈಕಲ್ ಗುದ್ದಿಸಿದ. ಅದೂ ಮನೆ ಗೇಟಿನ ಮುಂದೆಯೇ. ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವನು ಅವನು. ಓಡಿಸುತ್ತಲೇ ಮೊಬೈಲಲ್ಲಿ ಮುಂದಿನ ವಿಳಾಸ ನೋಡುವ ಚಾಳಿ. ಕಸದ ಬುಟ್ಟಿ ಹಿಡಿದು ನಿಂತಿದ್ದ ಅತ್ತಿಗೆ ಅವನ ಕಣ್ಣಿಗೇ ಬೀಳಲಿಲ್ಲ. ಬಲಗೈ ಮಣಿಕಟ್ಟು ಮುರಿಯಿತು, ಮೊಣಕಾಲ ಕೆಳಗೆ ಟೈರಿನ ಗುರುತು ಕಪ್ಪಗೆ ಮೂಡಿತು.

ಎಮರ್ಜೆನ್ಸಿಯಲ್ಲಿ ಡಾಕ್ಟರು, "ಹೇಗಾಯ್ತು ಮೇಡಂ?" ಅಂದರು. ಇವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಮೆಟ್ಟಿಲ ಮೇಲೆ ಜಾರಿಬಿದ್ಲು ಡಾಕ್ಟ್ರೇ," ಅಂದುಬಿಟ್ಟರು.

ಅತ್ತೆ ಕೆಟ್ಟವರಲ್ಲ, ಪಾಪ. ದಾರಿಯುದ್ದಕ್ಕೂ ಸೊಸೆಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತವರು. ಆದರೆ ಗುದ್ದಿದ್ದು ಕಾಗದಕ್ಕೆ ಬಿದ್ದರೆ ಪೊಲೀಸರಿಗೆ ಸುದ್ದಿ ಹೋಗುತ್ತದೆ, ಕಂಪನಿಯವರು ತಾವು ಕೊಟ್ಟ ಸೈಕಲ್ ಕಿತ್ತುಕೊಂಡು ಮಗನನ್ನು ಅವತ್ತೇ ಮನೆಗೆ ಕಳಿಸುತ್ತಾರೆ. ಚಪ್ಪಲಿ ಸವೆಸಿ ಗಿಟ್ಟಿಸಿಕೊಂಡ ಕೆಲಸ ಅದು. ಅವಳು ಸುಮ್ಮನಾದಳು.

ಸುಮ್ಮನಾಗಿದ್ದೇ ತಪ್ಪಾಯಿತು ನೋಡಿ. ದಿನಾ ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಿದ್ದವಳು ಇವಳೇ. ಗಂಡನದು ನಸುಕಿನ ಪಾಳಿ, ಶಾಲೆ ಕಡೆಗೆ ಬಸ್ಸಿಲ್ಲ, ಇವಳ ಕೈಯೋ ಪ್ಲಾಸ್ಟರಿನಲ್ಲಿ. "ನಾನಿದ್ದೀನಲ್ಲ ಅತ್ತಿಗೆ!" ಅಂದ ಮೈದುನ. ಮೆಟ್ಟಿಲು ಅಂತ ಒಪ್ಪಿಕೊಂಡ ಮೇಲೆ ಬೇಡ ಅನ್ನಲು ಯಾವ ಬಾಯಿ? ಫೋನ್ ಮುಟ್ಟಲ್ಲ ಅಂತ ಆಣೆ ಮಾಡಿದ. ಮಗಳು ಮಾತ್ರ ಸಂಜೆ ಕುಣಿಯುತ್ತಾ ಬಂದು, "ಅಮ್ಮಾ, ಚಿಕ್ಕಪ್ಪ ಒಂದೇ ಕೈಯಲ್ಲಿ ಓಡಿಸ್ತಾನೆ, ಗೊತ್ತಾ?" ಅಂದಳು. ಆ ರಾತ್ರಿ ಇವಳ ಕಣ್ಣಿಗೆ ಕಣ್ಣು ಹತ್ತಲಿಲ್ಲ.

ಬೆಳಗ್ಗೆ ಡಾಕ್ಟರ ಫೋನು. "ಏನ್ ಮೇಡಂ, ನೀವು ರಜೆ ಹಾಕಿದ್ರೂ ನಮಗೆ ಬಿಡುಗಡೆ ಇಲ್ವಲ್ಲ! ಕೋಡ್ ಹಾಕೋಕೆ ನೀವೇ ಕಲಿಸಿದ ಶಿಷ್ಯೆ ನಿಮ್ಮ ಫೈಲ್ ಹಿಡ್ಕೊಂಡು ಕೂತಿದ್ದಾಳೆ. ಕಾಲ ಮೇಲೆ ಟೈರಿನ ಗುರುತಿದೆ ಅಂತ ನರ್ಸ್ ಬರೆದಿದ್ದಾರಂತೆ, ಮೆಟ್ಟಿಲಿಗೆ ಟೈರ್ ಇರುತ್ತಾ ಅಂತ ಕೇಳ್ತಾಳೆ. ನಿಜ ಹೇಳಿ, ಹಾಗೇ ಬರೀತೀನಿ."

ನಿಜ ಹೇಳಿದ್ದರೆ ಸಾಕಿತ್ತು. ಸೈಕಲ್ ಮನೆಯಿಂದ ತೊಲಗುತ್ತಿತ್ತು, ಮಗಳು ಅದರ ಹಿಂದೆ ಕೂರುವುದೂ ತಪ್ಪುತ್ತಿತ್ತು. ಬೆನ್ನ ಹಿಂದೆ ಅತ್ತೆ ಅವಳ ತಲೆ ಬಾಚುತ್ತಿದ್ದರು, ಒಂದೇ ಕೈಯಲ್ಲಿ ಅವಳಿಗೆ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಬಾಚಣಿಗೆ ನಿಂತಿತು.

"ಮೆಟ್ಟಿಲೇ ಡಾಕ್ಟ್ರೇ," ಅಂದಳು. "ಜಾರಿಬಿದ್ದೆ."

ಅತ್ತೆ ಮತ್ತೆ ಬಾಚತೊಡಗಿದರು, ಮೊದಲಿಗಿಂತ ಮೆಲ್ಲಗೆ. ಹೊರಗೆ ಮಗಳು ಆಗಲೇ ಚಿಕ್ಕಪ್ಪನ ಹಿಂದೆ ಹತ್ತಿ ಕೂತಿದ್ದಳು. ಇವಳು ಅರ್ಧ ಜಡೆಯಲ್ಲೇ ಎದ್ದು ಬಾಗಿಲಿಗೆ ಓಡಿದಳು.

"ಗಟ್ಟಿಯಾಗಿ ಹಿಡ್ಕೋ ಮಗಳೇ!"

ಮಗಳು ತಿರುಗಿ ನಕ್ಕು, ಎರಡೂ ಕೈ ಬಿಟ್ಟು ಟಾಟಾ ಮಾಡಿದಳು.