ಆಚೆ ಕರೆಯ ಅತ್ತೆ ತಂದ ಪಾಯಸ

ಈಗ ಬರೆಯಲಿರುವುದರಲ್ಲಿ ನಡೆದದ್ದು ಎಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದು ಎಷ್ಟು ಎಂದು ಖಚಿತವಾಗಿ ಹೇಳಲಾರೆ. ಕಳೆದ ಡಿಸೆಂಬರಿನಲ್ಲಿ ಪುತ್ತೂರಿನಲ್ಲಿ ಅಕಾಲ ಮಳೆ ಸುರಿದು ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡಿತು. ಕೆಲಸದವರು ಕೆಸರನ್ನೂ ಕೊಳೆತ ಸೊಪ್ಪನ್ನೂ ಎತ್ತಿ ಗೇಟಿನ ಎದುರು ರಾಶಿ ಹಾಕಿದರು. ಹೆಂಡತಿ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಅಲ್ಲೇ ನಿಂತೆ. ಅದು ನಮ್ಮೂರ ತೋಡಿನ ಕಟ್ಟದ ವಾಸನೆ...

ಕಡಬದ ಕಡೆ, ನಮ್ಮ ಹಳೆಯ ಮನೆಯ ಕೆಳಗೆ, ಘಟ್ಟದಿಂದ ಇಳಿದು ಕುಮಾರಧಾರೆಗೆ ಸೇರುವ ತೋಡೊಂದಿತ್ತು. ಮಳೆಗಾಲ ಮುಗಿದ ಮೇಲೆ ಎರಡೂ ದಡದವರು ಸೇರಿ ಅದಕ್ಕೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪು ತುಂಬಿ ಕಟ್ಟ ಕಟ್ಟುತ್ತಿದ್ದರು. ನಿಂತ ನೀರು ಬದಿಯ ಕಾಲುವೆ ಹತ್ತಿ ಗದ್ದೆಗಳಿಗೆ ಹೋಗುತ್ತಿತ್ತು. ಮುಂದಿನ ಜೂನ್ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋದರೆ ಯಾರಿಗೂ ಬೇಸರವಿರಲಿಲ್ಲ. ಮತ್ತೆ ಕಟ್ಟಿದರಾಯಿತು.

ಆ ನೀರು ಮೊದಲು ಮುಟ್ಟುತ್ತಿದ್ದದ್ದು ತೋಡಿನ ಆಚೆಗಿದ್ದ ಒಂದು ಮನೆಯ ಗದ್ದೆಗೆ. ನಮ್ಮ ಕಡೆ ಕರೆ ಎಂದರೆ ದಡ; ಆ ಮನೆಯ ಯಜಮಾನಿಯನ್ನು ನಾವು ಆಚೆ ಕರೆಯ ಅತ್ತೆ ಎನ್ನುತ್ತಿದ್ದೆವು. ಸಂಬಂಧವೇನೂ ಇರಲಿಲ್ಲ. ಮಳೆಗಾಲವಿಡೀ ಅವರು ನಮಗೆ ಕಾಣುತ್ತಿದ್ದರು, ಸಿಗುತ್ತಿರಲಿಲ್ಲ. ಸೇತುವೆ ಬಹಳ ದೂರ. ಕಟ್ಟ ಎದ್ದ ಮೇಲೆ ಅದರ ಮೇಲೆಯೇ ನಡೆದು ಬಂದು, ಜೂನ್‌ನಿಂದ ಉಳಿದಿದ್ದ ಮಾತನ್ನೆಲ್ಲ ಅಮ್ಮನ ಹತ್ತಿರ ಆಡಿ ಮುಗಿಸುತ್ತಿದ್ದರು.

ಕಟ್ಟ ತುಂಬಿ, ನಡುವಿನ ತಗ್ಗಿನಿಂದ ನೀರು ಹೊರಗೆ ಚೆಲ್ಲಿದ ದಿನ, ಕಲ್ಲು ಹೊತ್ತವರಿಗೆಲ್ಲ ಅತ್ತೆಯ ಮನೆಯ ಪಾಯಸ. ತುಂಬುವ ಮೊದಲು ಪಾಯಸ ಮಾಡುವಂತಿಲ್ಲ. ಅದು ಕ್ರಮ.

ನಾನು ಡಿಗ್ರಿಯ ಎರಡನೇ ವರ್ಷದಲ್ಲಿದ್ದಾಗ ಕ್ರಮ ತಪ್ಪಿದ್ದು ಮಳೆ. ಡಿಸೆಂಬರಿನಲ್ಲಿ, ಹೊಸದಾಗಿ ಕಟ್ಟಿದ್ದ ಕಟ್ಟ ಒಂದೇ ಮಳೆಗೆ ಹೋಯಿತು. ಅಷ್ಟರಲ್ಲಿ ಹೆಚ್ಚಿನವರ ಮನೆಗೆ ಬೋರ್‌ವೆಲ್ ಬಂದಿತ್ತು. ಮಳೆಗಾಲದ ನಂತರದ ಸುಗ್ಗಿ ಬೆಳೆಗೆ ಕಟ್ಟವನ್ನೇ ನಂಬಿದ್ದವರು ಅತ್ತೆ ಮಾತ್ರ. ಅವರು ಮನೆಮನೆಗೆ ಹೋಗಿ ಕರೆದದ್ದಕ್ಕೆ ಜನವರಿಯಲ್ಲಿ ಎಲ್ಲರೂ ಮತ್ತೆ ತೋಡಿಗೆ ಇಳಿದರು. ರಜೆಯಲ್ಲಿದ್ದ ನಾನೂ ಇಳಿದೆ.

"ಇನ್ನೊಮ್ಮೆ ಕಟ್ಟುದು ಎಂತಕ್ಕೆ ಅತ್ತೆ? ಒಂದು ಬೋರ್ ಹಾಕಿಸಿ. ಬಟನ್ ಒತ್ತಿದರೆ ಆಯ್ತು," ಎಂದರು ನಮ್ಮ ನೆರೆಮನೆಯ ಮಾವ.

"ಬಟನ್ ಒತ್ತಿದರೆ ನೀನು ನಮ್ಮ ಮನೆಗೆ ಬರುದುಂಟಾ?"

"ನಾನು ಬರುದು ಪಾಯಸಕ್ಕೆ. ಬೆಲ್ಲ ಕಡಿಮೆಯಾದರೆ ನಾನಿಟ್ಟ ಕಲ್ಲು ಎಳೆದು ಹಾಕ್ತೇನೆ, ನೋಡಿ."

"ಎಳೆಯುದು ಎಂತಕ್ಕೆ ಮಾರಾಯ, ನೀನಿಟ್ಟ ಕಲ್ಲು ತನ್ನಷ್ಟಕ್ಕೇ ಹೋಗ್ತದೆ."

ಎಲ್ಲರೂ ನಕ್ಕರು. ಸೊಪ್ಪು ತುಳಿಯುತ್ತಿದ್ದ ಒಬ್ಬರು ಮಾತ್ರ ನಗಲಿಲ್ಲ. "ಈ ಸಲ ತುಂಬದಿದ್ದರೆ ಬರುವ ವರ್ಷ ನಾನಿಲ್ಲ," ಎಂದರು. ಇನ್ನಿಬ್ಬರು ತಲೆಯಾಡಿಸಿದರು. ಅತ್ತೆ ಮಣ್ಣಿನ ಬುಟ್ಟಿ ಎತ್ತಿಕೊಂಡರು.

ತೋಡು ಆಗಲೇ ತೆಳ್ಳಗಾಗಿತ್ತು. ಬೆಳಿಗ್ಗೆ ಎದ್ದರೆ ಅತ್ತೆ ಕಟ್ಟದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರು ನೋಡುತ್ತ ನಿಂತಿರುತ್ತಿದ್ದರು. ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮ ಅಂಗಳಕ್ಕೆ ಪಾತ್ರೆ ಹೊತ್ತು ಬಂದರು. "ತುಂಬಿತು, ಎಲ್ಲರನ್ನೂ ಕರೀರಿ," ಎಂದರು. ಮಾವ ಎರಡು ಲೋಟ ಕುಡಿದು, ಬೆಲ್ಲ ಸರಿ ಉಂಟು ಎಂದು ತೀರ್ಪು ಕೊಟ್ಟರು. ಅಂದು ನಗದೆ ಇದ್ದ ಆ ಒಬ್ಬರೂ ಬಂದು ಕುಡಿದರು. ಆಮೇಲೆ ನಾನು ಅಂಗಳದ ತುದಿಗೆ ಹೋಗಿ ನೋಡಿದೆ. ಕಟ್ಟದ ತಗ್ಗಿನಿಂದ ನೀರು ಬೆಳ್ಳಗೆ ಚೆಲ್ಲುತ್ತಿತ್ತು, ಅದರ ಮೇಲೆ ಬಿಸಿಲು, ಸಣ್ಣ ಸದ್ದು...

ಈ ಚಿತ್ರ ನನ್ನಲ್ಲಿ ಇಷ್ಟು ವರ್ಷ ಹಾಗೆಯೇ ಇತ್ತು. ನಾನು ಭೂವಿಜ್ಞಾನ ಓದಿದವನು. ಹಿಂದೆಲ್ಲ ಶಿವರಾತ್ರಿ ಕಳೆದರೂ ತೋಡು ಹರಿಯುತ್ತಿತ್ತು ಎನ್ನುವವರ ಹತ್ತಿರ ಅಳತೆ ಕೇಳಿ ಅವರ ಉತ್ಸಾಹ ಕೆಡಿಸಿದವನು. ನನ್ನ ಈ ನೀರಿಗೆ ಮಾತ್ರ ಅಳತೆ ಕೇಳಿರಲಿಲ್ಲ.

ಮರುವರ್ಷ ಮಳೆ ಕ್ರಿಸ್‌ಮಸ್‌ವರೆಗೂ ಬಿಡಲಿಲ್ಲ. ಬಿಟ್ಟದ್ದೇ ತಡ, ಒರತೆಯಿಲ್ಲದ ತೋಡು ಬತ್ತತೊಡಗಿತು. ಕಲ್ಲು ಹೊರಲು ಎಲ್ಲರೂ ಬಂದರು, ಬರುವ ವರ್ಷ ನಾನಿಲ್ಲ ಎಂದಿದ್ದವರೂ ಬಂದರು. ಅಡ್ಡ ಕಟ್ಟಲು ನೀರೇ ಇರಲಿಲ್ಲ. ದಡದಲ್ಲಿ ಸ್ವಲ್ಪ ಹೊತ್ತು ನಿಂತು ಹೋದರು. ಕಟ್ಟ ಮತ್ತೆ ಏಳಲಿಲ್ಲ. ಅತ್ತೆಯ ಗದ್ದೆ ಬೀಳು ಬಿತ್ತು.

ಅತ್ತೆ ತೀರಿಹೋಗಿ ಕೆಲವು ವರ್ಷಗಳಾದವು. ಈಗ ಜನವರಿಯಲ್ಲಿ ಆ ತೋಡನ್ನು ಚಪ್ಪಲಿ ಕಳಚದೆ ದಾಟಬಹುದು. ಕಳೆದ ತಿಂಗಳು ನಾನು ದಾಟಿದೆ. ದಾಟಿ ಹೋಗಿ ಮಾತಾಡುವುದಕ್ಕೆ ಆಚೆ ಯಾರೂ ಇರಲಿಲ್ಲ.

ಸುಳ್ಯದಲ್ಲಿರುವ ಅವರ ಮಗಳಿಗೆ ಫೋನ್ ಮಾಡಿ, ಕೊನೆಯ ಪಾಯಸದ ಆ ಸಲ ಕಟ್ಟದಲ್ಲಿ ನೀರು ಎಷ್ಟು ಬಂದಿತ್ತು ಎಂದು ಕೇಳಿದೆ.

"ಎಂತ ನೀರು? ಮೊಣಕಾಲಿಗೂ ಬರ್ಲಿಲ್ಲ. ಅಮ್ಮ ಕಾದು ಕಾದು ಕೊನೆಗೆ ಪಾಯಸಕ್ಕೆ ಅಕ್ಕಿ ನೆನೆಹಾಕಿದ್ದು."

ಒಬ್ಬರ ಮಾತಿನ ಮೇಲೆ ತೀರ್ಮಾನಿಸುವುದು ನನ್ನ ಅಭ್ಯಾಸವಲ್ಲ. ಮಾವನನ್ನೂ ಕೇಳಿದೆ.

"ತುಂಬಲಿಲ್ಲ ಅಂತ ಅಂಗಳದಿಂದಲೇ ಕಾಣ್ತಿತ್ತಲ್ಲ ಮಾರಾಯ," ಎಂದರು ಮಾವ. "ಅವರು ಕೊಟ್ಟರು, ನಾವು ಕುಡಿದೆವು."

ಉಳಿದದ್ದರ ಬಗ್ಗೆ ನನಗೆ ಈಗಲೂ ಸಂಶಯವಿದೆ. ಇದೊಂದು ಮಾತ್ರ ಖಚಿತ: ಆ ವರ್ಷ ಕಟ್ಟ ತುಂಬಿರಲಿಲ್ಲ.