ಟೈಲರ್ ವಾಸು ಕಂಡ ಒಗೆದ ಅಂಗಿ

ಅನ್ಯಾಯವನ್ನು ಮೊದಲು ಹೇಳುತ್ತೇನೆ. ಸಾಸ್ತಾನದ ಟೈಲರ್ ವಾಸು ಅರ್ಧ ದಿನ ಕುಳಿತು ಆಡಿದ ಮಾತನ್ನು ಒಂದು ಮನರಂಜನಾ ವಾಹಿನಿಯವರು ನಾಲ್ಕು ನಿಮಿಷಕ್ಕೆ ಕತ್ತರಿಸಿದರು. ಅವನು ಕೈಯಾಡಿಸುವ ಬಗೆಯನ್ನಷ್ಟೇ ಉಳಿಸಿಕೊಂಡು, ಅದಕ್ಕೆ ನಗೆಯ ಸದ್ದು ಸೇರಿಸಿ, ನಾಡಿಗೆಲ್ಲ ತೋರಿಸಿದರು. ಬಂದವರು ಅವನ ಹೊಲಿಗೆ ಯಂತ್ರದ ಮೇಲೆ ಚಹಾದ ಲೋಟ ಇಟ್ಟದ್ದನ್ನೂ ಸಾಸ್ತಾನವನ್ನು ‘ಮಂಗಳೂರು ಬಳಿಯ ಒಂದು ಹಳ್ಳಿ’ ಎಂದು ಪರದೆಯ ಮೇಲೆ ಬರೆದದ್ದನ್ನೂ ನಾನು ಮರೆತಿಲ್ಲ. ಆದರೆ ಅವು ಸಣ್ಣ ತಪ್ಪುಗಳು.

ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಇಪ್ಪತ್ತೆರಡು ವರ್ಷ ನನ್ನ ರವಿಕೆಗಳನ್ನು ಹೊಲಿದವನು ವಾಸು. ತೆಳ್ಳನೆಯ ಆಳು, ಮದುವೆಯಾಗಿರಲಿಲ್ಲ. ಒಗೆದು ಒಗೆದು ಬಣ್ಣ ಇಳಿದ, ಆದರೆ ಇಸ್ತ್ರಿ ತಪ್ಪದ ಹತ್ತಿಯ ಅಂಗಿ, ಕುತ್ತಿಗೆಗೆ ಟೇಪು. ಮಾತಾಡುವಾಗ ಅವನ ಬೆರಳುಗಳು ಗಾಳಿಯಲ್ಲಿ ರವಿಕೆಯ ಕೊರಳನ್ನು ಬರೆಯುತ್ತಿದ್ದವು. ಅಂಗಡಿಯ ಹಲಗೆಯ ಮೇಲೆ ಒಂದು ಸಣ್ಣ ಟಿವಿ. ನಾಯಕಿ ನಿನ್ನೆ ತೊಟ್ಟ ರವಿಕೆಯನ್ನು ಕುಂದಾಪುರದ ಮದುವೆಗೆ ಬೇಕೆಂದು ಹೆಂಗಸರು ಮೊಬೈಲಿನಲ್ಲಿ ಚಿತ್ರ ತಂದರೆ, ಅವನು ಆ ಕಂತನ್ನು ಆಗಲೇ ನೋಡಿ ಮುಗಿಸಿರುತ್ತಿದ್ದ.

ತಾರೆಯರ ಸುದ್ದಿಯನ್ನು ಅವನು ಪತ್ರಿಕೆಯಿಂದ ತಿಳಿಯುತ್ತಿರಲಿಲ್ಲ, ಹೊಲಿಗೆಯಿಂದ ತಿಳಿಯುತ್ತಿದ್ದ. ಒಮ್ಮೆ ಒಂದು ಧಾರಾವಾಹಿಯ ಸೊಸೆಯನ್ನು ತೋರಿಸಿ, “ಕಾಣಿ ಟೀಚ್ರೆ, ಬಗಲಿನ ಹೊಲ್ಗಿ ಬಿಚ್ಚಿ ಮತ್ತ್ ಹಾಕಿರ್. ಸೆರಗ್ ಮುಂದೆ ತಂದಿರ್. ಈ ಹೆಣ್ ಬಸ್ರಿ” ಎಂದ. ತಿಂಗಳು ಕಳೆಯುವುದರೊಳಗೆ ಧಾರಾವಾಹಿಯಲ್ಲಿ ಆ ಸೊಸೆಯನ್ನು ಕೋಮಾದಲ್ಲಿ ಮಲಗಿಸಿದರು. ಹೊರಗೆ ನಟಿಯ ಸೀಮಂತದ ಚಿತ್ರ ಬಂತು. ಇನ್ನೊಂದು ತಾರಾಜೋಡಿ ಬೇರೆಯಾದದ್ದನ್ನು, ಹಬ್ಬದ ಕಾರ್ಯಕ್ರಮಕ್ಕೆ ಅವರು ಒಂದೇ ತಾನಿನ ಬಟ್ಟೆ ತೊಡದೆ ಬಂದದ್ದರಿಂದಲೇ ಕಂಡುಹಿಡಿದ. ಅವನ ಊಹೆ ತಪ್ಪಿದ್ದನ್ನು ನಾನು ಕಾಣೆ. ತಪ್ಪನ್ನು ಹುಡುಕುವುದರಲ್ಲಿ ನನಗೆ ಸಾಕಷ್ಟು ಅಭ್ಯಾಸವಿದೆ.

ಅಂಥವನು ಒಂದೇ ಒಂದು ಸುದ್ದಿಗೆ ಬಾಯಿ ತೆರೆಯಲಿಲ್ಲ. ಬೈಂದೂರು ಕಡೆಯ ಒಬ್ಬ ನಟ ತನ್ನ ಗೆಳೆಯನೊಡನೆ ಸಂಸಾರ ಹೂಡಿದ್ದಾನೆಂದು ಯಾರೋ ಒಂದು ವಿಡಿಯೊ ಹರಿಯಬಿಟ್ಟಿದ್ದರು. ಅಂಗಡಿಯಲ್ಲಿದ್ದ ನಾಲ್ಕೈದು ಹೆಂಗಸರಿಗೆ ಕುತೂಹಲ. “ಹ್ವಾಯ್ ವಾಸಣ್ಣ, ನಿಜ್ವಾ? ನಿಮ್ಗ್ ಗೊತ್ತಿಲ್ದೆ ಇಪ್ಪುದಾ?” ಎಂದು ಒಬ್ಬಳು ಚುಚ್ಚಿದಳು. ವಾಸು ಡಬ್ಬಿಯಿಂದ ಗುಂಡುಸೂಜಿಗಳನ್ನು ತೆಗೆದು ಒಂದೊಂದಾಗಿ ತುಟಿಗಳ ನಡುವೆ ಇಟ್ಟುಕೊಂಡ. ಸೂಜಿ ಕಚ್ಚಿದ ಟೈಲರನನ್ನು ಯಾರೂ ಮಾತಾಡಿಸುವುದಿಲ್ಲ.

ಕುತೂಹಲ ನನಗೂ ಇತ್ತು, ನಟನ ಬಗ್ಗೆಯಲ್ಲ, ವಾಸುವಿನ ಬಗ್ಗೆ. ಹೆಂಗಸರು ಹೋದ ಮೇಲೆ ಕೇಳಿದೆ. ಸೂಜಿಗಳನ್ನು ತೆಗೆದಿಟ್ಟು ಹೇಳಿದ: “ಬಸ್ರಿ ಆದ್ದ್ ಇವತ್ತಲ್ದಿದ್ರೆ ನಾಳೆ ಕಾಣತ್ತ್. ಇದ್ ಹಾಂಗಲ್ಲ, ಟೀಚ್ರೆ. ಹೇಳುದಾರೆ ಅವ್ನೇ ಹೇಳ್ಕ್.”

ನಾನು ಬಿಡಲಿಲ್ಲ. ಗಂಡಸನ್ನು ಮೆಚ್ಚುವ ಗಂಡಸರು ಈಗೀಗ ಧಾರಾವಾಹಿಗಳಲ್ಲೂ ಬರುತ್ತಾರಲ್ಲ, ಒಳ್ಳೆಯದೇ ಅಲ್ಲವೇ ಎಂದೆ. ಅವನು ಟಿವಿಯ ಕಡೆ ಕತ್ತರಿ ತೋರಿಸಿದ.

“ಅವ್ರಿಗೆ ಯಾವತ್ತೂ ಮಿರಿಮಿರಿ ಅಂಗಿಯೇ. ಒಂದ್ ಸಲವೂ ಒಗ್ದ ಅಂಗಿ ಹಾಕ್ಸಿದ್ದಿಲ್ಲೆ. ಒಗ್ದ ಅಂಗಿ ಇಲ್ಲೆ ಅಂದ್ರೆ ಮನಿ ಇಲ್ಲೆ, ಹೆತ್ತ ಅಬ್ಬಿ ಇಲ್ಲೆ, ಜ್ವರವೂ ಬಪ್ಪುದಿಲ್ಲೆ. ಬಪ್ಪುದ್, ನೆಗಾಡ್ಸುದ್, ಹೋಪುದ್.”

ಪರೀಕ್ಷಿಸದೆ ಯಾವುದನ್ನೂ ಒಪ್ಪುವವಳಲ್ಲ ನಾನು. ಒಂದು ವರ್ಷ ಕಾದು ಕುಳಿತು ನೋಡಿದೆ. ಅಂಥ ಪಾತ್ರ ಬಂದಾಗಲೆಲ್ಲ ಹೊಚ್ಚಹೊಸ, ಹೊಳೆಯುವ ಅಂಗಿ. ಅವರು ಉಂಡದ್ದನ್ನಾಗಲಿ, ತಾಯಿಯ ಜೊತೆ ಕೂತದ್ದನ್ನಾಗಲಿ ನಾನು ಕಾಣಲಿಲ್ಲ. ಒಮ್ಮೆ ಮಾತ್ರ ಒಬ್ಬನ ಕಾಲರು ಸವೆದಿತ್ತು. ವಾಸುವನ್ನು ಸೋಲಿಸಿದೆನೆಂದು ಮರುದಿನ ಹೊರಡುವಷ್ಟರಲ್ಲಿ ಆ ಪಾತ್ರವನ್ನು ಕೊಂದಿದ್ದರು.

ವಾಸುವಿನ ಖ್ಯಾತಿ ಹೇಗೋ ವಾಹಿನಿಯವರ ಕಿವಿಗೆ ಬಿತ್ತು. ಅವರು ಬಂದ ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಪ್ರಸಾರದ ಭಾನುವಾರ ಮಧ್ಯಾಹ್ನ ಟಿವಿಯನ್ನು ಅಂಗಡಿಯ ಜಗಲಿಗೆ ತಂದು, ಬೆಂಚು ಹಾಕಿ, ಗಿರಾಕಿಗಳನ್ನೆಲ್ಲ ಕರೆದು ಅವಲಕ್ಕಿ, ಚಹಾ ಕೊಟ್ಟ. ತಾನು ಮಾತ್ರ ಟಿವಿಗೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಮಾಡಿ ನಿಂತ. ಅದೆಂಥ ವಿಚಿತ್ರವೆಂದು ನಾನು ಯೋಚಿಸುತ್ತಿರುವಾಗಲೇ ಪರದೆಯ ಮೇಲೆ ಅವನ ಕೈಗಳು ಕಂಡವು. ಕೂಡಲೇ ಒಬ್ಬ ಹಾಸ್ಯನಟ ಮಿರಿಮಿರಿ ಅಂಗಿ ತೊಟ್ಟು, ಕೊರಳಿಗೆ ಟೇಪು ಹಾಕಿಕೊಂಡು, ಸೊಂಟ ಕುಣಿಸುತ್ತ ಬಂದು ಕಂಡಕಂಡ ಗಂಡಸರ ಅಳತೆ ತೆಗೆಯತೊಡಗಿದ. ಆ ಹಾಸ್ಯ ಕಾರ್ಯಕ್ರಮದ ತೀರ್ಪುಗಾರರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮೊದಲ ಅರ್ಧ ನಿಮಿಷ ನಾನೂ ನಕ್ಕೆ. ಇತರರ ತಪ್ಪನ್ನು ನೆನಪಿಟ್ಟುಕೊಳ್ಳುವವಳು ತನ್ನದನ್ನು ಮರೆಯಬಾರದು.

ಆಮೇಲೆ ಹೆದ್ದಾರಿಯಲ್ಲಿ ಬೈಕಿನಲ್ಲಿ ಹೋಗುವ ಹುಡುಗರು ಅಂಗಡಿಯ ಎದುರು “ಅಕ್ಕಾ” ಎಂದು ಕೂಗಿ ಹೋಗುವುದು ವಾಡಿಕೆಯಾಯಿತು. ಹೆಂಗಸರು ಬರುವುದನ್ನು ಬಿಡಲಿಲ್ಲ, ಆದರೆ ವಾಸು ಅಳತೆ ತೆಗೆಯುವುದನ್ನು ಬಿಟ್ಟ. ಅಳತೆಗೆ ಹಳೆಯ ರವಿಕೆ ಕೊಟ್ಟು ಹೋಗಿ ಎನ್ನುತ್ತಿದ್ದ. ನಾನು ವಾಹಿನಿಗೆ ರಿಜಿಸ್ಟರ್ ಅಂಚೆಯಲ್ಲಿ ಎರಡು ಪತ್ರ ಬರೆದೆ. ಯಾರನ್ನೂ ನೋಯಿಸುವ ಉದ್ದೇಶವಿರಲಿಲ್ಲ, ಅದು ಕೇವಲ ಮನರಂಜನೆ ಎಂದು ಎರಡು ಸಾಲಿನ ಉತ್ತರ ಬಂತು.

ಅದನ್ನು ತೋರಿಸಲು ಹೋದಾಗ ಅವನು ಯಂತ್ರವನ್ನು ಗೋಣಿಯಲ್ಲಿ ಸುತ್ತುತ್ತಿದ್ದ. ಒಪ್ಪಿಕೊಂಡ ಬಟ್ಟೆಯನ್ನೆಲ್ಲ ಹೊಲಿದು ಕೊಟ್ಟಾಗಿತ್ತು. ಹಂಗಾರಕಟ್ಟೆಯ ಗೆಳೆಯನೊಬ್ಬ ಮುಂಬಯಿಯಲ್ಲಿದ್ದಾನೆ, ಅಲ್ಲಿಗೆ ಹೋಗುತ್ತೇನೆ ಎಂದ. ಉತ್ತರವನ್ನು ಓದಿ, ಮಡಚಿ, ನನಗೇ ಕೊಟ್ಟ. ಆ ಭಾನುವಾರ ನಮ್ಮನ್ನೇಕೆ ನೋಡುತ್ತ ನಿಂತೆ ಎಂದು ಕೇಳಿದೆ. ಗೋಣಿಗೆ ಹಗ್ಗ ಬಿಗಿಯುತ್ತಲೇ ಹೇಳಿದ.

“ನಾನ್ ಅವ್ರ ಕ್ಯಾಮೆರಾಕ್ ಹೇಳಿದ್ದೆ, ಟೀಚ್ರೆ. ಹೆಣ್ ಸಿಕ್ದೆ ಮದಿ ಆಯ್ದೆ ಕೂತದ್ದಲ್ಲ, ನನ್ ಮನ್ಸ್ ಹೋಪುದ್ ಗಂಡಿನ್ ಮೇಲೆ ಅಂದೇಳಿ. ನಂಗೂ ಮನಿ ಇತ್ತ್, ಒಗ್ದ ಅಂಗಿ ಇತ್ತ್ ಅಂದೇಳಿ. ಒಬ್ಬೊಬ್ರಿಗೆ ಹೇಳುಕ್ ಧೈರ್ಯ ಇರ್ಲಿಲ್ಲೆ. ಆ ಮಾತ್ ಬಪ್ಪೊತ್ತಿಗೆ ನಿಮ್ಮೆಲ್ರ ಮುಖ ಕಾಂಬ ಅಂದೇಳಿ ನಿಂತಿದ್ದೆ.”

ನಾಲ್ಕು ನಿಮಿಷ ನಿಂತಿದ್ದ. ಆ ಮಾತು ಬರಲೇ ಇಲ್ಲ. ನಮ್ಮ ಮುಖಗಳಲ್ಲಿ ಅವನು ಕಂಡದ್ದು ನಗೆ.

ಇದನ್ನು ಬರೆಯಬಹುದೇ ಎಂದು ಕೇಳಿದೆ. “ಬರೀಲಕ್. ಹೆಸ್ರ್ ಹಾಕಿಯೇ ಬರೀಲಕ್. ಅವ್ರ್ ಬಿಟ್ಟದ್ದ್ ನೀವ್ ಹಾಕಿ” ಎಂದ. ಆ ಸಂಜೆಯ ಮುಂಬಯಿ ಬಸ್ಸಿಗೆ ಹೊರಟುಹೋದ. ಅವನ ಅಂಗಡಿಯಲ್ಲೀಗ ಮೊಬೈಲು ರಿಪೇರಿ ಮಾಡುತ್ತಾರೆ. ನನ್ನ ರವಿಕೆಯ ತೋಳು ಈ ವರ್ಷ ಎರಡು ಸಲ ಬಿಗಿಯಾಯಿತು.

ಇಲ್ಲಿಂದ ಮುಂದಿನದು ವಾಹಿನಿಯವರಿಗೆ. ವಾಸು ಆ ಮಾತು ಆಡಿದಾಗ ನಿಮ್ಮಲ್ಲಿ ಒಬ್ಬರೂ ನಗಲಿಲ್ಲವಂತೆ. ಕ್ಯಾಮೆರಾ ಹಿಡಿದವರು ಎದ್ದು ಹೋಗಿ ಅವನಿಗೆ ನೀರು ತಂದುಕೊಟ್ಟರಂತೆ. ಹಾಗಾದರೆ ಆ ಮಾತಿನ ತೂಕ ನಿಮಗೆ ತಿಳಿದಿತ್ತು. ತಿಳಿದೂ ಅದನ್ನು ಕತ್ತರಿಸಿದಾಗ, ನಿಮಗೆ ಯಾರ ಭಯವಿತ್ತು?